ಮುಗಿಲೆತ್ತರದ ಮನೆಗಳೂ ನೆಲದ ಲೆಕ್ಕವೂ

ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ಹಳೆಯ ಮನೆಗಳನ್ನು ಬಲ್ಲ ವಾಚಕರಿಗೆ ನಮ್ಮ ಹಿರಿಯರು ಎತ್ತರವನ್ನು ಬಯಸಿದವರಲ್ಲವೆಂಬದು ಗೊತ್ತೇ ಇದೆ. ದಪ್ಪನಾದ ಗೋಡೆ, ಅದರ ಮೇಲೆ ಕಟ್ಟಿಗೆಯ ಜಂತಿ, ಜಂತಿಯ ಮೇಲೆ ಮಣ್ಣಿನ ಮಾಳಿಗೆ, ನಡುಮನೆಗೆ ಬೆಳಕು ಬೀಳಲೆಂದು ಒಂದು ಬೆಳಕಿಂಡಿ. ದೇಸಾಯರ ವಾಡೆಯಾದರೆ ಮೇಲೊಂದು ಅಟ್ಟ. ಊರಿನಲ್ಲಿ ಎತ್ತರವಾದ ವಸ್ತುವೆಂದರೆ ದೇವರ ಶಿಖರ, ಅದಕ್ಕೂ ಎತ್ತರವಾದದ್ದು ನರಗುಂದದ ಗುಡ್ಡ ಇಲ್ಲವೆ ಗಜೇಂದ್ರಗಡದ ಕೋಟೆ. ಇಂಥ ಮನೆಗಳಲ್ಲಿ ಹುಟ್ಟಿದ ಮಕ್ಕಳು ಈಗ ಮಂಗಳೂರಿಗೆ ಹೋಗಿ ಮೂವತ್ತು, ನಲವತ್ತು ಅಂತಸ್ತಿನ ಕಟ್ಟಡಗಳಿಗೆ ಕಬ್ಬಿಣ ಕಟ್ಟುತ್ತಾರೆ, ಕಾಂಕ್ರೀಟು ಹೊರುತ್ತಾರೆ. ಗದಗ, ಬಾಗಲಕೋಟೆ, ಕೊಪ್ಪಳ ಜಿಲ್ಲೆಗಳ ಎಷ್ಟೋ ಮನೆಗಳ ಒಲೆ ಆ ಕಡಲತೀರದ ಕೂಲಿಯಿಂದ ಉರಿಯುತ್ತಿರುವದು.

ಒಂದು ಪಂಚಮಿಯ ಹಬ್ಬದಲ್ಲಿ ಅಂಥ ತರುಣನೊಬ್ಬನು ರೋಣದ ಕಡೆಯ ತನ್ನ ಹಳ್ಳಿಗೆ ಬಂದಿದ್ದನು. ನಾವೂ ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆವು. ತಾನು ಕೆಲಸ ಮಾಡುವ ಕಟ್ಟಡದ ಚಿತ್ರವನ್ನು ಅವನು ಮೊಬೈಲಿನಲ್ಲಿ ತನ್ನ ಆಯಿಗೆ ತೋರಿಸಿದನು. ಮುದುಕಿ ಬಹಳ ಹೊತ್ತು ನೋಡಿ, “ತಮ್ಮಾ, ಇದರ ಕೆಳಗಿನ ನೆಲಾ ಗಟ್ಟಿ ಐತೇನು? ಅಷ್ಟು ಮ್ಯಾಲ ನೀರು ಹೆಂಗ ಏರತೈತಿ? ಬೆಂಕಿ ಬಿದ್ದರ ಮಂದಿ ಹೆಂಗ ಇಳೀತಾರ?” ಎಂದು ಕೇಳಿದಳು. ಅವನು ನಕ್ಕು, “ಅದನ್ನೆಲ್ಲಾ ಸಾಹೇಬರು ನೋಡತಾರ, ಆಯಿ” ಎಂದನು.

ನಗರಯೋಜನೆಯ ದೊಡ್ಡ ಗ್ರಂಥಗಳನ್ನು ತೆರೆದು ನೋಡಿದರೂ ಎತ್ತರದ ಕಟ್ಟಡಗಳ ವಿಷಯದಲ್ಲಿ ಈ ಮೂರು ಪ್ರಶ್ನೆಗಳಿಗಿಂತ ಮುಖ್ಯವಾದವು ಸಿಕ್ಕಲಾರವು. ಕಾಯಿದೆಯು ಅವಕ್ಕೆ ಯಾವ ಉತ್ತರ ಕೊಟ್ಟಿದೆ, ಆ ಉತ್ತರವನ್ನು ಮೀರಿದರೆ ಏನಾಗುವದು, ಸಾಹೇಬರು ನೋಡುತ್ತಾರೆಂದು ಗೃಹಸ್ಥರು ಸುಮ್ಮನಿರಬಹುದೇ ಎಂಬುದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶ.

ಮೊದಲು ಮಂಗಳೂರಿನ ಸ್ಥಿತಿಯನ್ನು ತಿಳಿಯಬೇಕು. ಆ ಊರಿಗೆ ಪಡುವಣದಲ್ಲಿ ಸಮುದ್ರ, ತೆಂಕಣದಲ್ಲಿ ನೇತ್ರಾವತಿ, ಬಡಗಣದಲ್ಲಿ ಗುರುಪುರದ ಹೊಳೆ. ನಡುವೆ ಇರುವದು ಏರುತಗ್ಗಿನ ಕೆಂಪುಕಲ್ಲಿನ ಗುಡ್ಡಗಳು. ನಮ್ಮ ಬಯಲುಸೀಮೆಯ ಊರಿನಂತೆ ನಾಲ್ಕೂ ದಿಕ್ಕಿಗೆ ಹರಡಿಕೊಳ್ಳಲು ಅದಕ್ಕೆ ಎಡೆಯಿಲ್ಲ. ಹಿಂದೆ ಅಲ್ಲಿಯ ಮನೆಗಳೂ ತಗ್ಗಾಗಿಯೇ ಇದ್ದವು. 1865ನೆಯ ಇಸವಿಯಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರಖಾನೆಯನ್ನು ಸ್ಥಾಪಿಸಿದ ತರುವಾಯ ಕೆಂಪುಕಲ್ಲಿನ ಗೋಡೆ, ಇಳಿಜಾರಾದ ಹಂಚಿನ ಮಾಡು, ಸುತ್ತಲೂ ತೆಂಗಿನ ಹಿತ್ತಲು, ಇದೇ ಆ ಊರಿನ ಮನೆಯ ಲಕ್ಷಣವಾಯಿತು. ವಿದ್ಯಾಲಯಗಳೂ ಆಸ್ಪತ್ರೆಗಳೂ ಬ್ಯಾಂಕುಗಳೂ ಬೆಳೆದು ಜನ ಬಂದು ನೆಲೆಸತೊಡಗಿದ ಮೇಲೆ ನೆಲದ ಬೆಲೆ ಏರಿತು. ಕಳೆದ ಮೂರು ದಶಕಗಳಲ್ಲಿ ಹಿತ್ತಲುಗಳು ಹೋಗಿ ಕಟ್ಟಡಗಳು ಮೇಲಕ್ಕೇರಿದವು. ಹರಡಲಾರದ ಊರು ಏರುವದು ಸಹಜವೇ. ಆದುದರಿಂದ ಎತ್ತರವನ್ನು ಸುಮ್ಮನೆ ಜರೆಯುವದು ನ್ಯಾಯವಲ್ಲ. ನೂರು ಸಂಸಾರಗಳು ಒಂದೇ ನಿವೇಶನದಲ್ಲಿ ವಾಸಿಸಿದರೆ ಅಷ್ಟು ಹೊಲಗದ್ದೆಗಳು ಉಳಿಯುವವೆಂಬದೂ ಒಂದು ಲಾಭ. ಎಂಥ ನೆಲದಲ್ಲಿ, ಯಾವ ದಾರಿಯ ಬದಿಗೆ, ಎಷ್ಟು ಏರಬೇಕೆಂಬದೇ ಚರ್ಚೆಯ ವಿಷಯವು.

ಈ ಚರ್ಚೆ ನಮ್ಮ ದೇಶಕ್ಕೆ ಹೊಸದಲ್ಲ. ರೋಣ, ನರಗುಂದಗಳಿದ್ದ ಮುಂಬಯಿ ಇಲಾಖೆಯಲ್ಲಿ 1915ರಲ್ಲಿಯೂ, ಮಂಗಳೂರಿದ್ದ ಮದರಾಸು ಇಲಾಖೆಯಲ್ಲಿ 1920ರಲ್ಲಿಯೂ ನಗರಯೋಜನೆಯ ಕಾಯಿದೆಗಳು ಹುಟ್ಟಿದವು. 1956ರಲ್ಲಿ ಕನ್ನಡ ನಾಡು ಒಂದಾದ ಬಳಿಕ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ಕಟ್ಟಳೆಯನ್ನು ತಂದಿತು. ಮಂಗಳೂರಿಗೆ 1980ರಲ್ಲಿ ಮಹಾನಗರ ಪಾಲಿಕೆಯೂ, 1987ರ ಕಾಯಿದೆಯ ಮೇರೆಗೆ ಮರುವರ್ಷ ನಗರಾಭಿವೃದ್ಧಿ ಪ್ರಾಧಿಕಾರವೂ ಏರ್ಪಟ್ಟವು. ಊರಿನ ಯಾವ ಭಾಗ ವಾಸಕ್ಕೆ, ಯಾವುದು ವ್ಯಾಪಾರಕ್ಕೆ ಎಂದು ಪ್ರಾಧಿಕಾರವು ನಕ್ಷೆ ಬರೆಯುವದು; ಕಟ್ಟಲು ಅಪ್ಪಣೆಯನ್ನು ಪಾಲಿಕೆಯು ಕೊಡುವದು.

ಅಪ್ಪಣೆಯ ಲೆಕ್ಕವು ಎರಡು ಅಳತೆಗಳ ಮೇಲೆ ನಿಂತಿರುತ್ತದೆ. ಒಂದನೆಯದಕ್ಕೆ ಕಚೇರಿಯಲ್ಲಿ ಎಫ್.ಎ.ಆರ್. ಎನ್ನುವರು, ಅಂದರೆ ನಿವೇಶನದ ನೆಲಕ್ಕೂ ಎಲ್ಲ ಅಂತಸ್ತುಗಳ ಒಟ್ಟು ನೆಲಕ್ಕೂ ಇರಬೇಕಾದ ಪ್ರಮಾಣ. ಉದಾಹರಣೆಗಾಗಿ, ಮೂವತ್ತು ನಲವತ್ತರ ನಿವೇಶನವೆಂದರೆ 1,200 ಚದರಡಿ. ಅನುಪಾತವು ಒಂದೂಮುಕ್ಕಾಲು ಇದ್ದರೆ ಒಟ್ಟು 2,100 ಚದರಡಿಯಷ್ಟು ಕಟ್ಟಬಹುದು. ಇದನ್ನು ಎರಡು ಅಂತಸ್ತಿನಲ್ಲಿ ಅಗಲವಾಗಿ ಹರಡಬಹುದು. ನೆಲವನ್ನು ಹೆಚ್ಚು ಬಿಟ್ಟು ನಾಲ್ಕು ಅಂತಸ್ತಿನಲ್ಲಿ ಏರಿಸಲೂಬಹುದು. ದಾರಿ ಅಗಲವಾದಂತೆ ಈ ಅನುಪಾತ ಹೆಚ್ಚುವದು, ಕಿರಿದಾದಲ್ಲಿ ತಗ್ಗುವದು. ಇದರಲ್ಲಿ ನ್ಯಾಯವಿದೆ. ಮನೆಯೊಳಗಿನ ಜನರೂ ಅವರ ವಾಹನಗಳೂ ಕಡೆಗೆ ಬಂದು ಬೀಳುವದು ಅದೇ ಬೀದಿಗೆ ಅಲ್ಲವೆ? ರಸ್ತೆಗಾಗಿ ತನ್ನ ನೆಲವನ್ನು ಬಿಟ್ಟುಕೊಟ್ಟವನಿಗೆ ಅದರ ಬದಲಾಗಿ ಹೆಚ್ಚು ಕಟ್ಟುವ ಹಕ್ಕುಪತ್ರವನ್ನು ಕೊಡುವ ಪದ್ಧತಿಯೂ ಇದೆ. ಆ ಹಕ್ಕನ್ನು ಬೇರೊಬ್ಬರಿಗೆ ಮಾರಬಹುದು.

ಎರಡನೆಯ ಅಳತೆ ಸುತ್ತಲೂ ಬಿಡಬೇಕಾದ ತೆರವು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪಟ್ಟಿಯಲ್ಲಿ 15 ಮೀಟರು ಎತ್ತರದ ಕಟ್ಟಡಕ್ಕೆ ಬದಿಗಳಲ್ಲಿ 5 ಮೀಟರು, 24ಕ್ಕೆ 8, 30ಕ್ಕೆ 10, 55 ಮೀಟರು ಹಾಗು ಮೇಲ್ಪಟ್ಟದ್ದಕ್ಕೆ 16 ಮೀಟರು ತೆರವು ಬೇಕೆಂದಿದೆ. ಈ ತೆರವನ್ನು ಅನೇಕರು ದಂಡವೆಂದು ತಿಳಿಯುವರು. ನಿಜವಾಗಿ ಅದು ನೆರೆಮನೆಯವನ ಗಾಳಿ ಬೆಳಕುಗಳ ಪಾಲು. ಬೆಂಕಿ ಬಿದ್ದ ದಿವಸ ಅಗ್ನಿಶಾಮಕದ ವಾಹನ ಸುತ್ತುವರಿಯುವ ದಾರಿ. ಅಂದಮೇಲೆ ಎತ್ತರವು ಮಾಲಕನ ಸ್ವಂತ ಸೊತ್ತಲ್ಲ. ಬೀದಿಯಿಂದಲೂ ನೆರೆಯವರಿಂದಲೂ ಪಡೆದ ಕಡ. ಕಡ ಕೊಟ್ಟವರನ್ನು ಮರೆಯುವದು ತರವಲ್ಲ.

ಇನ್ನು ಮುದುಕಿಯ ಮೊದಲಿನ ಪ್ರಶ್ನೆ: ನೆಲ ಗಟ್ಟಿ ಇದೆಯೇ? ಮಂಗಳೂರಿನ ಕೆಂಪುಕಲ್ಲು ಮೇಲೆ ಗಟ್ಟಿಯೇ ಸರಿ. ಅದರ ಅಡಿಯಲ್ಲಿ ಅನೇಕ ಕಡೆ ಶೇಡಿ ಮಣ್ಣೆಂದು ಆ ಕಡೆಯವರು ಕರೆಯುವ ಬಿಳುಪು ನಸುಗೆಂಪಿನ ಮೆತ್ತನೆಯ ಮಣ್ಣಿರುವದು. ಒಣಗಿರುವಾಗ ಅದು ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿಯಿತೆಂದರೆ ಬಲಗುಂದಿ ಜಾರುತ್ತದೆ. ನಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರಿನ ಸುಮಾರು ಮಳೆಯಾದರೆ ಅಲ್ಲಿ 3,500ಕ್ಕೂ ಮಿಕ್ಕಿ ಸುರಿಯುವದು. ಅದರ ಬಹುಭಾಗ ಜೂನಿನಿಂದ ಸಪ್ಟಂಬರದೊಳಗೆ. ಎತ್ತರದ ಕಟ್ಟಡಕ್ಕೆ ವಾಹನ ನಿಲ್ಲಿಸುವ ನೆಲಮಾಳಿಗೆ ಬೇಕು. ಅದಕ್ಕಾಗಿ ಗುಡ್ಡವನ್ನು ಆಳಾಗಿ, ನೆಟ್ಟಗೆ ಕಡಿಯುವರು. ಆ ಕಡಿತಕ್ಕೆ ತಕ್ಕ ಆಸರೆ ಕಟ್ಟದಿದ್ದಲ್ಲಿ ಮೇಲಿನ ಮಣ್ಣು ಕೆಳಗೆ ದುಡಿಯುವವರ ಮೇಲೆಯೇ ಬೀಳುತ್ತದೆ. 2020ನೆಯ ಫೆಬ್ರುವರಿಯಲ್ಲಿ ಮಂಗಳೂರು ನಗರದೊಳಗೆ ಇಂಥ ಒಂದು ಅಗೆತದಲ್ಲಿ ಮಣ್ಣು ಕುಸಿದು ಇಬ್ಬರು ಕೂಲಿಕಾರರು ಮೃತರಾದರು. ಅವರಲ್ಲೊಬ್ಬನು ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯವನು. 2024ನೆಯ ಜುಲೈಯಲ್ಲಿ ಬಲ್ಮಠದಲ್ಲಿ ಮತ್ತೆ ಮಣ್ಣು ಕುಸಿದು ಇಬ್ಬರು ಸಿಕ್ಕಿಬಿದ್ದರು. ಒಬ್ಬನನ್ನು ಉಳಿಸಲಾಯಿತು, ಇನ್ನೊಬ್ಬನು ಉಳಿಯಲಿಲ್ಲ. ಮುಗಿಲಿಗೇರುವ ಮನೆಯ ಅಪಾಯವು ಮುಗಿಲಿನಲ್ಲಲ್ಲ, ಅಡಿಪಾಯದ ಕುಣಿಯಲ್ಲಿಯೇ ಪ್ರಾರಂಭವಾಗುವದೆಂಬದಕ್ಕೆ ಇವೇ ಸಾಕ್ಷಿ.

ಉಪ್ಪುಗಾಳಿಯ ಪೀಡೆಯೊಂದು ಬೇರೆ. ಅದು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ತಂದು ಗೋಡೆಯನ್ನು ಬಿರಿಯಿಸುತ್ತದೆ. ಆದುದರಿಂದ ಭಾರತೀಯ ಮಾನಕವು ಸೌಮ್ಯವಾದ ಹವೆಯಲ್ಲಿ ಕಬ್ಬಿಣದ ಮೇಲೆ 20 ಮಿಲಿಮೀಟರು ಕಾಂಕ್ರೀಟಿನ ಹೊದಿಕೆ ಸಾಕೆಂದರೆ, ತೀವ್ರವಾದ ಪರಿಸರದಲ್ಲಿ 45 ಬೇಕೆನ್ನುವದು. ಕಡಲತೀರವನ್ನು ಅದು ತೀವ್ರ ಪರಿಸರದಲ್ಲಿಯೇ ಎಣಿಸಿದೆ. ಕಣ್ಣಿಗೆ ಕಾಣದ ಈ ಬೆರಳಗಲದ ವ್ಯತ್ಯಾಸವೇ ಮನೆಯ ಆಯುಷ್ಯವು.

ಎರಡನೆಯ ಪ್ರಶ್ನೆ ನೀರಿನದು. ಏರಿಸುವದು ಸುಲಭ, ಪಂಪು ಇದ್ದರಾಯಿತು. ಆದರೆ ಏರಿಸಲಿಕ್ಕೆ ನೀರು ಬೇಕಲ್ಲ! ಮಂಗಳೂರಿನ ಕುಡಿಯುವ ನೀರು ಬಹುಮಟ್ಟಿಗೆ ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಒಡ್ಡಿನಿಂದ ಬರುವದು. ಮಳೆಯ ತವರಾದ ಆ ಊರಲ್ಲಿ ಕೂಡ 2016 ಹಾಗು 2019ರ ಬೇಸಿಗೆಗಳಲ್ಲಿ ಹೊಳೆ ಬತ್ತಿ ನೀರನ್ನು ಸರದಿಯ ಮೇಲೆ ಬಿಡಬೇಕಾಯಿತು. ಒಬ್ಬರಿಗೆ ದಿವಸಕ್ಕೆ 135 ಲೀಟರು ಎಂಬ ವಾಡಿಕೆಯ ಲೆಕ್ಕ ಹಿಡಿದರೆ ಐದು ಜನರ ನೂರು ಸಂಸಾರಗಳಿರುವ ಒಂದೇ ಕಟ್ಟಡಕ್ಕೆ ನಿತ್ಯವೂ 67,500 ಲೀಟರು ಬೇಕಾಗುವದು. ಬಂದ ನೀರು ಕೊಳೆಯಾಗಿ ಹೋಗಬೇಕಾದ ಕೊಳವೆ ಹಳೆಯ ಹಂಚಿನ ಮನೆಗಳ ಕಾಲದ್ದಿದ್ದರೆ ಅದು ಬೀದಿಯಲ್ಲಿ ಉಕ್ಕದೆ ಇದ್ದೀತೆ? ಆದುದರಿಂದ ಒಂದೊಂದು ಕಟ್ಟಡದ ನಕ್ಷೆಯನ್ನು ಮಾತ್ರ ನೋಡಿ ಅಪ್ಪಣೆ ಕೊಡುವದು ಸಾಲದು. ಆ ಕೇರಿಯ ನೀರು, ಚರಂಡಿ, ದಾರಿ ಇಷ್ಟನ್ನೂ ಕೂಡಿಸಿ ಲೆಕ್ಕ ಹಾಕಬೇಕೆಂಬದು ನಗರಯೋಜನೆಯ ಮೂಲಸೂತ್ರ.

ಮೂರನೆಯ ಪ್ರಶ್ನೆ ಬೆಂಕಿಯದು. ರಾಷ್ಟ್ರೀಯ ಸಂಹಿತೆಯು 15 ಮೀಟರು, ಅಂದರೆ ಸುಮಾರು ಐದು ಅಂತಸ್ತು ಮುಟ್ಟಿದ ಕಟ್ಟಡವನ್ನು ಎತ್ತರದ್ದೆಂದು ಎಣಿಸಿ, ಎರಡು ಮೆಟ್ಟಿಲುದಾರಿಗಳು ಬೇಕೆನ್ನುತ್ತದೆ. 24 ಮೀಟರು ಮೀರಿದರೆ ಹೊಗೆಯಿಂದ ತಪ್ಪಿಸಿಕೊಂಡು ಜನರು ನಿಲ್ಲಲು ಬಯಲಿಗೆ ತೆರೆದ ಆಶ್ರಯದ ಜಾಗವಿರಬೇಕು. ಏಕೆಂದರೆ ಬೆಂಕಿಯ ಕಾಲಕ್ಕೆ ಲಿಫ್ಟನ್ನು ನಂಬಲಾಗದು. 2010ನೆಯ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಬೆಂಕಿ ಹೊತ್ತಿದಾಗ ಒಂಬತ್ತು ಜನರು ಪ್ರಾಣ ಕಳೆದುಕೊಂಡರು. ಹೊಗೆ ತಾಳಲಾರದೆ ಮೇಲಿನಿಂದ ಜಿಗಿದವರೂ ಉಂಟು. ಮೆಟ್ಟಿಲ ಬಾಯಿಗೆ ಬೀಗ, ಆಶ್ರಯದ ಜಾಗದಲ್ಲಿ ಹಳೆಯ ಮಂಚ ಕುರ್ಚಿಗಳ ರಾಶಿ: ಇಂಥವು ನಮ್ಮ ಕಣ್ಣಿಗೆ ಬೀಳುವ ನಿತ್ಯದ ನೋಟಗಳು. ಈ ತಪ್ಪನ್ನು ಮಾಡುವವರು ಸಾಹೇಬರಲ್ಲ; ಅಲ್ಲಿ ವಾಸಿಸುವ ನಾವೇ.

ಕಡಲತೀರದ ಊರಿಗೆ ಇವಲ್ಲದೆ ಮತ್ತೆರಡು ಕಟ್ಟುಗಳಿವೆ. ಒಂದು ಮೇಲಿನಿಂದ, ಇನ್ನೊಂದು ಪಡುವಣದಿಂದ. ಮಂಗಳೂರಿನ ವಿಮಾನ ನಿಲ್ದಾಣವು ಗುಡ್ಡದ ನೆತ್ತಿಯ ಮೇಲಿದೆ. 2010ನೆಯ ಮೇ 22ರಂದು ಅಲ್ಲಿ ವಿಮಾನವು ಹಾದಿ ತಪ್ಪಿ ಕಮರಿಗೆ ಬಿದ್ದು 158 ಜನರು ಮಡಿದುದನ್ನು ಯಾರೂ ಮರೆತಿಲ್ಲ. ವಿಮಾನಗಳು ಏರಿಳಿಯುವ ದಾರಿಗೆ ಅಡ್ಡವಾಗದಂತೆ ನಿಲ್ದಾಣದ ಸುತ್ತುಮುತ್ತಲಿನ ಕಟ್ಟಡಗಳ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಒಪ್ಪಿಗೆ ಬೇಕು.

ಸಮುದ್ರದ ಕಟ್ಟು 1991ನೆಯ ಫೆಬ್ರುವರಿ 19ರಂದು ಹೊರಟ ಕರಾವಳಿ ನಿಯಂತ್ರಣ ವಲಯದ ಪ್ರಕಟನೆಯಿಂದ ಬಂದುದು. ಉಬ್ಬರದ ಗೆರೆಯಿಂದ 500 ಮೀಟರಿನವರೆಗಿನ ನೆಲ ಅದಕ್ಕೆ ಒಳಪಟ್ಟಿತು. ಹಳ್ಳಿಗಾಡಿನ ತೀರದಲ್ಲಿ ಮೊದಲಿನ 200 ಮೀಟರಿನಲ್ಲಿ ಹೊಸ ಕಟ್ಟಡವೇ ಸಲ್ಲದೆಂದೂ, ಮುಂದಿನ ಭಾಗದಲ್ಲಿ 9 ಮೀಟರಿಗಿಂತ ಎತ್ತರವಾಗಬಾರದೆಂದೂ ಅದು ವಿಧಿಸಿತು. 2011ರಲ್ಲಿ ಈ ಕಟ್ಟಳೆಯನ್ನು ಹೊಸದಾಗಿ ಬರೆದರು. 2019ರಲ್ಲಿ ಮತ್ತೆ ಬರೆದು ಬಹಳಷ್ಟು ಸಡಿಲಿಸಿದರು. ಉಪ್ಪುನೀರು ಏರುವ ಹೊಳೆಗಳ ದಂಡೆಯಲ್ಲಿ 100 ಮೀಟರಿದ್ದ ಮಿತಿಯು 50ಕ್ಕೆ ಇಳಿಯಿತು. ಎರಡು ಹೊಳೆಗಳ ನಡುವಿನ ಮಂಗಳೂರಿಗೆ ಇದು ಸಣ್ಣ ಬದಲಾವಣೆಯಲ್ಲ. ಕಟ್ಟುವವರಿಗೆ ಸಂತೋಷ, ಮೀನುಗಾರರಿಗೂ ನೆರೆಯ ಭಯವಿದ್ದವರಿಗೂ ಚಿಂತೆ.

ಕಟ್ಟಳೆಯನ್ನು ಮೀರಿದರೆ ಏನಾಗುವದೆಂಬದನ್ನು ಅದೇ ಕರಾವಳಿಯ ಕೊಚ್ಚಿ ನಗರದ ನೆರೆಯ ಮರಡು ಊರು ತೋರಿಸಿಕೊಟ್ಟಿತು. ಹಿನ್ನೀರಿನ ದಂಡೆಯ ಮೇಲೆ ಕರಾವಳಿಯ ನಿಯಮವನ್ನು ಉಲ್ಲಂಘಿಸಿ ಕಟ್ಟಿದ ಬಹುಮಹಡಿ ಕಟ್ಟಡಗಳನ್ನು ಕೆಡವಬೇಕೆಂದು 2019ನೆಯ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಿತು. 2020ನೆಯ ಜನವರಿ 11 ಹಾಗು 12ರಂದು ನಾಲ್ಕು ಸಮುಚ್ಚಯಗಳು ಸಿಡಿಮದ್ದಿನಿಂದ ಕೆಲವೇ ಕ್ಷಣಗಳಲ್ಲಿ ನೆಲಕ್ಕೊರಗಿದವು. ಮುನ್ನೂರಕ್ಕೂ ಮಿಕ್ಕಿ ಮನೆಗಳು ಹೋದವು. ಕೊಂಡವರಿಗೆ ಮೊದಲ ಪರಿಹಾರವೆಂದು 25 ಲಕ್ಷ ರೂಪಾಯಿಗಳವರೆಗೆ ಕೊಡಿಸಲಾಯಿತಾದರೂ ಜೀವಮಾನದ ಗಳಿಕೆಯನ್ನು ಅಲ್ಲಿ ತೊಡಗಿಸಿದವರ ದುಃಖಕ್ಕೆ ಅದರಿಂದ ಸಮಾಧಾನವಾದೀತೆ? ಅಪ್ಪಣೆ ಕೊಟ್ಟವರ, ಕಟ್ಟಿದವರ ತಪ್ಪಿಗೆ ಕೊಂಡವರು ಬೀದಿಗೆ ಬಂದರು.

ನಮ್ಮ ರಾಜ್ಯದಲ್ಲಿ ಇಂಥ ತಪ್ಪುಗಳನ್ನು ದಂಡ ಹಾಕಿ ಸಕ್ರಮ ಮಾಡುವ ಯೋಜನೆಯೊಂದು ಹೊರಟಿತ್ತು. ವಾಸದ ಮನೆಯಲ್ಲಿ ನಿಯಮವನ್ನು ಶೇಕಡಾ 50ರವರೆಗೆ ಮೀರಿದ್ದರೂ ಮನ್ನಿಸಬಹುದೆಂದು ಅದರಲ್ಲಿತ್ತು. 2017ನೆಯ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಮುಂದೆ 2024ನೆಯ ಡಿಸೆಂಬರ 17ರಂದು ಉತ್ತರ ಪ್ರದೇಶದ ಒಂದು ದಾವೆಯಲ್ಲಿ ಅದೇ ಕೋರ್ಟು, ಕಟ್ಟಿ ಎಷ್ಟೇ ವರ್ಷ ಕಳೆದರೂ ಅಕ್ರಮವು ಸಕ್ರಮವಾಗದೆಂದೂ, ಕಟ್ಟಡ ಪೂರ್ಣವಾದ ಅಥವಾ ಸ್ವಾಧೀನಾನುಭವದ ಪ್ರಮಾಣಪತ್ರವನ್ನು ನೋಡಿದ ಮೇಲೆಯೇ ನೀರು, ವಿದ್ಯುತ್ತು, ಬ್ಯಾಂಕಿನ ಸಾಲಗಳನ್ನು ಕೊಡಬೇಕೆಂದೂ ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿತು.

“ಇವೆಲ್ಲ ಕಡಲತೀರದ ದೊಡ್ಡ ಊರಿನ ಮಾತು, ನಮಗೇಕೆ?” ಎಂದು ಯಾರಾದರೂ ಕೇಳಿಯಾರು. 2019ನೆಯ ಮಾರ್ಚ 19ರ ಮಧ್ಯಾಹ್ನವನ್ನು ಅವರು ನೆನೆಯಲಿ. ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡವೊಂದು ಕುಸಿದು 19 ಜನರನ್ನು ನುಂಗಿತು. ಅದೇನು ನಲವತ್ತು ಅಂತಸ್ತಿನದಾಗಿರಲಿಲ್ಲ! ಅಡಿಪಾಯವು ಹೊರಲಾರದ ಭಾರವಾದರೆ ನಾಲ್ಕು ಅಂತಸ್ತೂ ಬಹಳವೇ.

ನಮ್ಮ ಊರುಗಳ ನೆಲವಾದರೂ ನಿರುಪದ್ರವಿಯೇ? ರೋಣ, ನರಗುಂದಗಳ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುವದು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವದು. ಎರೆಯನ್ನು ದಾಟಿ ಗರಸು ಸಿಕ್ಕುವತನಕ ಪಾಯ ಇಳಿಸಬೇಕೆಂಬದನ್ನು ನಮ್ಮ ಗೌಂಡಿಗಳು ಬಲ್ಲರು. ನರಗುಂದದ ಕತೆ ಮತ್ತೂ ಬೇರೆ. ಅಲ್ಲಿ ಮನೆಗಳಡಿಯಲ್ಲಿಯೂ ಓಣಿಗಳಡಿಯಲ್ಲಿಯೂ ಕಾಳು ತುಂಬಿಡುತ್ತಿದ್ದ ಹಳೆಯ ಹಗೇವುಗಳಿವೆ. ಮಲಪ್ರಭೆಯ ಕಾಲುವೆಯ ನೀರಾವರಿ ಬಂದ ಮೇಲೆ ನೆಲದೊಳಗಿನ ನೀರು ಮೇಲಕ್ಕೇರಿತು. ಮರೆತುಹೋದ ಆ ಹಗೇವುಗಳು ಈಚಿನ ವರ್ಷಗಳಲ್ಲಿ ಒಂದೊಂದಾಗಿ ಕುಸಿಯುತ್ತ ಬಂದು, ನಡುಮನೆಯಲ್ಲಿಯೇ ಗುಂಡಿ ಬಾಯ್ದೆರೆದ ಸಂಗತಿಗಳು ನಡೆದಿವೆ. ಅಲ್ಲಿಯ ಗೃಹಸ್ಥರಿಗೆ ನೆಲವನ್ನು ಕೇಳಿ ಮನೆ ಕಟ್ಟಬೇಕೆಂಬ ಪಾಠವನ್ನು ಮಂಗಳೂರಿನಿಂದ ತರಬೇಕಾಗಿಲ್ಲ. ಈ ಮೂರೂ ಊರುಗಳ ಪೇಟೆಯ ಬೀದಿಗಳಲ್ಲಿ ಹಳೆಯ ಮಾಳಿಗೆಗಳು ಹೋಗಿ ಮೂರು ನಾಲ್ಕು ಅಂತಸ್ತುಗಳು ಏಳತೊಡಗಿವೆ. ದಾರಿ ಮಾತ್ರ ಎತ್ತಿನ ಬಂಡಿಯ ಕಾಲದ್ದೇ. ಪುರಸಭೆಯ ಅಪ್ಪಣೆ ಪತ್ರವನ್ನು ಗೋಡೆಗೆ ತೂಗಹಾಕುವ ಕಾಗದವೆಂದು ಬಗೆಯದೆ, ಅದರಲ್ಲಿ ಬರೆದಷ್ಟನ್ನೇ ಕಟ್ಟುವ ವಾಡಿಕೆಯನ್ನು ಈಗಲೇ, ಊರು ಸಣ್ಣದಿರುವಾಗಲೇ ಹಾಕಿಕೊಂಡರೆ ಮುಂದಿನವರು ನಮ್ಮನ್ನು ಹರಸುವರು.

ಕಡಲತೀರದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಫ್ಲ್ಯಾಟು ಕೊಳ್ಳುವವರಿಗೆ ಕೆಲವು ಮಾತುಗಳು. ಮಂಜೂರಾದ ನಕ್ಷೆ, ಕೆಲಸ ಪ್ರಾರಂಭಿಸಲು ಕೊಟ್ಟ ಪತ್ರ, ಅಗ್ನಿಶಾಮಕದವರ ಒಪ್ಪಿಗೆ, ತೀರದ ಬಳಿಯಾದರೆ ಕರಾವಳಿ ವಲಯದ ಒಪ್ಪಿಗೆ, ಕೊನೆಗೆ ಸ್ವಾಧೀನಾನುಭವ ಪತ್ರ: ಇವನ್ನು ಕೇಳಿ ಕಣ್ಣಾರೆ ನೋಡಬೇಕು. 2016ರ ಸ್ಥಿರಾಸ್ತಿ ಕಾಯಿದೆಯ ಮೇರೆಗೆ 500 ಚದರ ಮೀಟರಿಗೆ ಮಿಕ್ಕಿದ ನೆಲದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಗಳು ರೇರಾದಲ್ಲಿ ನೋಂದಣಿಯಾಗಿರಬೇಕು. ಕರಾರುಪತ್ರ ನೋಂದಾಯಿಸುವ ಮೊದಲು ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹಣವನ್ನು ಕೇಳುವಂತಿಲ್ಲ. ಮನೆ ಕೈಗೆ ಬಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ ಕಟ್ಟಿದವನು 30 ದಿವಸಗಳಲ್ಲಿ ತನ್ನ ಖರ್ಚಿನಿಂದ ಸರಿಪಡಿಸಬೇಕು.

ಕಟ್ಟಲು ಹೋಗುವವರ ಮನೆಯವರಿಗೂ ಒಂದು ಮಾತು. ಹದಿನೆಂಟರಿಂದ ಅರವತ್ತರವರೆಗಿನ ವಯಸ್ಸಿನವರು ಹಿಂದಿನ ವರ್ಷದಲ್ಲಿ 90 ದಿವಸ ಕಟ್ಟಡದ ಕೆಲಸ ಮಾಡಿದ್ದರೆ, ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಯಿಸಿಕೊಳ್ಳಬಹುದು. ಅಪಘಾತದಲ್ಲಿ ನೆರವು, ಮಕ್ಕಳ ಓದಿಗೆ ಸಹಾಯ ಮೊದಲಾದವು ಆ ಚೀಟಿಯಿಂದ ದೊರೆಯುವವು. ಅದಕ್ಕೆ ಬೇಕಾದ ಹಣವು ಕಟ್ಟಡಗಳ ವೆಚ್ಚದ ಮೇಲಿನ ಕರದಿಂದ ಬಂದುದು. ಅದು ಭಿಕ್ಷೆಯಲ್ಲ, ದುಡಿದವನ ಹಕ್ಕು. ಆಳವಾದ ಕುಣಿಗೆ ಇಳಿಯುವ ಮೊದಲು ಬದಿಗೆ ಆಸರೆ ಕಟ್ಟಿದ್ದಾರೆಯೇ ಎಂದು ಕೇಳುವದೂ ಅಂಥದೇ ಹಕ್ಕು.

ಆ ತರುಣನು ಹಬ್ಬ ತೀರಿಸಿಕೊಂಡು ಮಂಗಳೂರಿನ ಬಸ್ಸು ಹತ್ತುವ ದಿವಸ ಮುದುಕಿಯು ಬುತ್ತಿ ಕಟ್ಟಿಕೊಡುತ್ತ, “ಸಾಹೇಬರು ನೋಡತಾರ ಅಂತ ಸುಮ್ನ ಇರಬ್ಯಾಡ, ತಮ್ಮಾ. ನೀನೂ ಒಂದು ಸಲ ನೋಡು” ಎಂದಳಂತೆ. ಎತ್ತರದ ಕಟ್ಟಡಗಳ ನೀತಿಯನ್ನು ಬರೆಯುವವರಿಗೂ, ಕಟ್ಟುವವರಿಗೂ, ಕೊಂಡು ವಾಸಿಸುವವರಿಗೂ ನಾವು ಹೇಳಬೇಕಾದದ್ದು ಇದೇ.